ದೇವೀರತ್ತೆಯ ಭಾರ

ದೇವೀರತ್ತೆಗೆ ತನ್ನನ್ನು ಎತ್ತುವವರು ಇರಲಿಲ್ಲ. ಮೇಲುಬೀದಿಯಲ್ಲಿ ಯಾರು ಸತ್ತರೂ ಎತ್ತಿ ಕಳಿಸುತ್ತಿದ್ದವಳು ಅವಳೇ. ಅವಳು ಸತ್ತ ದಿನ ಅವಳನ್ನು ಎತ್ತುವವರು ಯಾರು ಎಂದು ಕೇಳಿದರೆ ಊರಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮಕ್ಕಳಿಲ್ಲ. ಗಂಡ ಯಾವತ್ತೋ ಇಲ್ಲವಾಗಿದ್ದ. ಹತ್ತಿರದವಳೆಂದರೆ ತಮ್ಮನ ಮಗಳು ನಾನೊಬ್ಬಳು. ನನಗೆ ಆಗ ಇಪ್ಪತ್ತೆರಡು ವರ್ಷ.

ನಮ್ಮೂರಲ್ಲಿ ಸತ್ತವರು ಭಾರ. ಉಸಿರು ನಿಂತ ಸ್ವಲ್ಪ ಹೊತ್ತಿಗೇ ಹೆಣ ಒರಳುಕಲ್ಲಿನ ಹಾಗೆ ನೆಲ ಕಚ್ಚುತ್ತದೆ. ಎಂಟು ಜನ ಗಂಡಸರು ಹಾರೆ ಹಾಕಿ ಮೀಟಿದರೂ ಕದಲುವುದಿಲ್ಲ. ತಲೆಯ ಹತ್ತಿರ ಒಬ್ಬ ಹೆಂಗಸು ಕೂತು, ಸತ್ತವರು ಬದುಕಿದ್ದಾಗ ಹೇಗಿದ್ದರೋ ಅದನ್ನು ಬಾಯಿಬಿಟ್ಟು ಹೇಳಬೇಕು. ಒಂದೊಂದು ನಿಜಕ್ಕೂ ಹೆಣ ಅಷ್ಟಷ್ಟು ಹಗುರಾಗುತ್ತದೆ. ಒಂದು ಸುಳ್ಳು ಬಿದ್ದರೆ ಹಗುರಾದದ್ದೆಲ್ಲ ವಾಪಸು ಬಂದು, ಮೇಲಿಷ್ಟು ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೊಗಳಿಕೆ. ಪ್ರತಿ ಸಾವಿನಲ್ಲೂ ಯಾರೋ ಒಬ್ಬ ಮಗ ಅಳುತ್ತಾ ಬಂದು "ನಮ್ಮಪ್ಪ ದೇವ್ರಂಥೋನು" ಎಂದುಬಿಡುತ್ತಾನೆ, ಚಾಪೆಯ ಕೆಳಗೆ ನೆಲ ಲಟಕ್ಕೆನ್ನುತ್ತದೆ, ದೇವೀರತ್ತೆ ಅವನನ್ನು ಹೊರಗೆ ಕಳಿಸಿ ಮೊದಲಿನಿಂದ ಶುರು ಮಾಡುತ್ತಾಳೆ. ಬರೆದುಕೊಂಡು ಬಂದು ಓದಿದರೂ ಆಗುವುದಿಲ್ಲ. ಒಬ್ಬ ಮೇಷ್ಟರು ತಮ್ಮ ತಾಯಿಯ ಬಗ್ಗೆ ಬಹಳ ಚೆನ್ನಾಗಿ ಬರೆದು ತಂದು ಓದಿದರು. ಆ ತಾಯಿ ಇನ್ನೂ ಅದೇ ನಡುಮನೆಯಲ್ಲಿದ್ದಾರೆ. ಹಗುರಾಗದ ಹೆಣವನ್ನು ಇದ್ದಲ್ಲೇ ನೆಲ ಅಗೆದು ಮುಚ್ಚಿ ಮನೆಗೆ ಬೀಗ ಹಾಕುವುದು ನಮ್ಮಲ್ಲಿಯ ರೂಢಿ. ಅಂಥ ಮನೆಗಳ ಜಗಲಿಯ ಮೇಲೆ ಮಕ್ಕಳು ಗೋಲಿ ಆಡುತ್ತಾರೆ. ಒಳಗಿರುವವರ ಹೆಸರು ಆ ಮಕ್ಕಳಿಗೆ ಗೊತ್ತಿಲ್ಲ.

ಎತ್ತುವ ಕೆಲಸಕ್ಕೆ ಮುಟ್ಟು ನಿಂತ ಹೆಂಗಸರನ್ನು ಮಾತ್ರ ಕೂರಿಸುತ್ತಿದ್ದರು. ಸೋರುವ ಮಡಕೆಯಲ್ಲಿ ನೀರು ನಿಲ್ಲುತ್ತದೆಯೇ ಎನ್ನುವುದು ಹಿರಿಯರ ಮಾತು. ಮೇಲುಬೀದಿಗೆ ದೇವೀರತ್ತೆ, ಕೆಳಬೀದಿಗೆ ಜವನಮ್ಮ. ಇಬ್ಬರೂ ಒಂದೇ ವಾರಿಗೆಯವರು, ಒಟ್ಟಿಗೆ ಕುಂಟೆಬಿಲ್ಲೆ ಆಡಿದವರು. ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. "ನಿಮ್ಮತ್ತೆ ಎತ್ತಿದ ಹೆಣ ಹೊರೋಕೆ ನಾಲ್ಕು ಜನ ಬೇಕು, ನಾನೆತ್ತಿದ್ದಕ್ಕೆ ಮೂವರು ಸಾಕು ಕಣೇ ಚೆಲುವಿ" ಎಂದು ಜವನಮ್ಮ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಹೇಳುತ್ತಿದ್ದಳು. ಅತ್ತೆಗೆ ಇದನ್ನು ತಲುಪಿಸಿದರೆ, "ಕೆಳಬೀದಿಯೋರು ಉಂಡ್ರೆ ತಾನೆ ತೂಕ ಇರೋಕೆ" ಎನ್ನುತ್ತಿದ್ದಳು.

ನಾನು ಹಾಸ್ಟೆಲಿನಲ್ಲಿ ಓದು ಮುಗಿಸಿ ಊರಿಗೆ ಬಂದ ವರ್ಷ ಅತ್ತೆಗೆ ಅರವತ್ತೇಳು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಅದು ಮೊದಲಿನಿಂದಲೂ ಇದ್ದ ಚಾಳಿ, ಹಾಗಾಗಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ ಎದುರು ಮನೆಯ ಮುದುಕನನ್ನು ತೋರಿಸಿ, "ಅವನ ಹೆಂಡ್ತಿ ಯಾಕೆ ಈಚೆಗೆ ಕಾಣ್ತಾ ಇಲ್ಲ?" ಎಂದಳು. ಆ ಹೆಂಡತಿಯನ್ನು ಹಿಂದಿನ ಬೇಸಿಗೆಯಲ್ಲಿ ಎತ್ತಿದವಳು ಅವಳೇ. ಅವಳಿಗದು ಹೊಳೆಯಲಿಲ್ಲ. ನಾನು ನೆನಪಿಸಿದೆ. ಕೈಯಲ್ಲಿದ್ದ ಹುಣಸೆಹಣ್ಣನ್ನು ಬುಟ್ಟಿಗೆ ಎಸೆದು, "ನಂಗೊತ್ತು, ನಿನ್ನ ಪರೀಕ್ಷೆ ಮಾಡ್ದೆ" ಎಂದಳು. ಆ ಸಂಜೆ ತಾನಾಗಿಯೇ ಸೀರೆ ಬದಲಿಸಿ, "ನಡಿ, ಡಾಕ್ಟರಮ್ಮನ ಹತ್ರ" ಎಂದು ಹೊರಟಳು.

ಡಾಕ್ಟರಮ್ಮನ ಹೆಸರು ಶಕೀಲಾ. ಬೇರೆ ಊರಿನವರು, ಮಾತು ಕಡಿಮೆ. ಅವರ ಬಳಿ ಅತ್ತೆ ಕೇಳಿದ್ದು ಒಂದೇ ಒಂದು.

"ಜವನಿಗೆ ಕೊಟ್ಟ ಮಾತ್ರೆ ನಂಗೂ ಕೊಡಿ."

ಜವನಮ್ಮನಿಗೆ ಐವತ್ತರ ಹೊತ್ತಿಗೆ ಮುಟ್ಟು ನಿಲ್ಲುವಾಗ ಮೈಯೆಲ್ಲ ಉರಿ, ಬೆವರು, ನಿದ್ದೆಯಿಲ್ಲ. ಆಗಿದ್ದ ಡಾಕ್ಟರು ಕೆಲವು ವರ್ಷ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಈಗ ಜವನಮ್ಮನ ನೆನಪು ಕತ್ತರಿಯ ಹಾಗೆ ಹರಿತವಾಗಿತ್ತು. ಊರು ಎರಡನ್ನೂ ಸೇರಿಸಿ ಗಂಟು ಹಾಕಿ, ಅದು ನೆನಪಿನ ಮಾತ್ರೆ ಎಂದು ತೀರ್ಮಾನಿಸಿತ್ತು.

"ಅದು ಉರಿಗೆ ಕೊಡೋ ಮಾತ್ರೆ ದೇವೀರಮ್ಮ, ನೆನಪಿಗಲ್ಲ," ಎಂದರು ಡಾಕ್ಟರು. "ಮುಟ್ಟು ನಿಲ್ಲೋ ಕಾಲದಲ್ಲಿ ಮೈಯಲ್ಲಿ ಇಳಿಯೋ ಹಾರ್ಮೋನನ್ನ ಸ್ವಲ್ಪ ಕಾಲ ಹೊರಗಿಂದ ಕೊಡ್ತೀವಿ. ನಿಮಗೆ ಅದು ನಿಂತು ಎಷ್ಟೋ ವರ್ಷ ಆಗಿದೆ. ಈ ವಯಸ್ಸಲ್ಲಿ ಹೊಸದಾಗಿ ಶುರು ಮಾಡಿದ್ರೆ ಇರೋ ನೆನಪೂ ಕೆಡಬಹುದು. ಲಕ್ವ ಹೊಡೆದರೂ ಹೊಡೀಬಹುದು. ನಾನು ಬರೆದುಕೊಡಲ್ಲ."

"ಕೆಳಬೀದಿಗೊಂದು ನ್ಯಾಯ, ಮೇಲುಬೀದಿಗೊಂದು ನ್ಯಾಯನಾ?"

"ಐವತ್ತಕ್ಕೊಂದು, ಅರವತ್ತೇಳಕ್ಕೊಂದು."

"ಜವನಿಗೂ ಅರವತ್ತೇಳೇ ಕಣಮ್ಮ! ಇಬ್ರೂ ಒಂದೇ ವರ್ಷ ಹುಟ್ಟಿದ್ದು!"

ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ. ಬಾಗಿಲ ಹತ್ತಿರ ನಿಂತು ತಿರುಗಿ, "ನಂಗೆ ನೆನಪು ಹೋದ್ರೆ ನಂಗೇನೂ ನಷ್ಟ ಇಲ್ಲ. ಬೀದಿ ತುಂಬ ಬೀಗ ಬೀಳುತ್ತೆ, ಅದನ್ನ ಬರ್ಕೊಳ್ಳಿ" ಎಂದಳು.

ವಿಷಯ ಬೀದಿಯ ಯಜಮಾನ ಕರಿಯಪ್ಪನ ಕಿವಿಗೆ ಬಿತ್ತು. ಅವನ ಅಣ್ಣ ಬೋರಯ್ಯ ಹಾಸಿಗೆ ಹಿಡಿದಿದ್ದ, ಇವತ್ತೋ ನಾಳೆಯೋ ಎನ್ನುವ ಹಾಗಿದ್ದ. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ, ಅಣ್ಣ ನಡುಮನೆಯಲ್ಲೇ ಉಳಿದರೆ ಕರಿಯಪ್ಪನೂ ಮನೆ ಬಿಡಬೇಕಾಗುತ್ತಿತ್ತು. ಪಟ್ಟಣಕ್ಕೆ ಹೋಗಿ, ಯಾವುದೋ ಅಂಗಡಿಯಲ್ಲಿ ಯಾರನ್ನೋ ಹಿಡಿದು, ಆ ಮಾತ್ರೆ ತಂದುಕೊಟ್ಟ. ಡಾಕ್ಟರು ಹೇಳಿದ್ದನ್ನು ನಾನು ಮತ್ತೆ ಹೇಳಿದೆ. ಅತ್ತೆ ಮಜ್ಜಿಗೆ ಲೋಟ ಕೈಗೆತ್ತಿಕೊಂಡು, ಜಗಲಿಗೆ ಬಂದು, ಬೀದಿಗೆಲ್ಲ ಕಾಣುವ ಹಾಗೆ ಮಾತ್ರೆ ನುಂಗಿದಳು. ಕೆಳಬೀದಿಗೆ ಸುದ್ದಿ ಮುಟ್ಟಲಿ ಎನ್ನುವುದೇ ಅದರ ಉದ್ದೇಶ. ದಿನಾ ಹಾಗೆಯೇ ನುಂಗಿದಳು. ನಿದ್ದೆ ಚೆನ್ನಾಗಿ ಬರುತ್ತಿದೆ ಎಂದಳು. ಚರ್ಮ ನುಣುಪಾಗಿದೆ ಎಂದು ಕೈ ಮುಂದೆ ಚಾಚಿ ಮುಟ್ಟಿಸಿದಳು. ನೆನಪಿನ ಬಗ್ಗೆ ಕೇಳಿದರೆ ಮಾತು ತಿರುಗಿಸಿದಳು.

ಕೆಲವು ವಾರಗಳಾದ ಮೇಲೆ ಬೋರಯ್ಯ ಸತ್ತ. ಬೆಳಿಗ್ಗೆಯೇ ಹೇಳಿಕಳಿಸಿದರು. ನಾನು ನೀರು ಕಾಯಿಸಿ ಕೊಟ್ಟೆ. ಅತ್ತೆ ಸ್ನಾನದ ಮನೆಯಿಂದ ಹೊರಗೆ ಬರಲು ಬಹಳ ಹೊತ್ತು ಮಾಡಿದಳು. ಬಂದವಳು ನನ್ನನ್ನು ಒಳಗೆ ಕರೆದು, "ನಿನ್ನ ಹತ್ರ ಬಟ್ಟೆ ಇದ್ರೆ ಕೊಡು" ಎಂದಳು. ಯಾವ ಬಟ್ಟೆ ಎಂದೆ. "ಯಾವ ಬಟ್ಟೆ ಅಂತಾಳೆ ಓದಿರೋಳು. ತಿಂಗಳಿಗೆ ಇಟ್ಕೊಳ್ಳೋದು ಕಣೇ."

ನನಗೆ ಕೂಡಲೇ ಅರ್ಥವಾಯಿತು. ಮಾತ್ರೆ ಮುಟ್ಟನ್ನು ವಾಪಸು ತಂದಿತ್ತು, ಅಥವಾ ಮುಟ್ಟಿನಂಥದ್ದೇನನ್ನೋ. ಸೋರುವ ಮಡಕೆಯ ಮಾತು ಇಬ್ಬರ ತಲೆಯಲ್ಲೂ ಬಂದುಹೋಯಿತು. ನಾನು, "ಹೋಗ್ಬೇಡ ಅತ್ತೆ, ಜವನಮ್ಮನ್ನ ಕರೆಸ್ಲಿ" ಎಂದೆ. ಅವಳು ನನ್ನ ಕೈಯಿಂದ ಪ್ಯಾಡು ಕಿತ್ತುಕೊಂಡು ತಿರುಗಿಸಿ ನೋಡಿ, "ಇದನ್ನ ಎಲ್ಲಿಗೆ ಕಟ್ಟೋದು?" ಎಂದಳು.

ಬೋರಯ್ಯನ ನಡುಮನೆ ತುಂಬಿತ್ತು. ಜವನಮ್ಮನೂ ಬಂದು ಗೋಡೆಗೆ ಒರಗಿ ಕೂತಿದ್ದಳು. ಅತ್ತೆಯ ಸೋಲು ನೋಡಲು ಬಂದವಳೆಂದು ಮುಖವೇ ಹೇಳುತ್ತಿತ್ತು. ಅತ್ತೆ ತಲೆಯ ಬಳಿ ಕೂತಳು. ಶುರು ಮಾಡಿದಳು.

"ಇವ್ನು ಚಿಕ್ಕಂದಿನಲ್ಲಿ ಗುಡಿ ದೀಪದ ಎಣ್ಣೆ ಕದ್ದು ತಲೆಗೆ ಹಚ್ಕೋತಿದ್ದ."

ಹೆಣ ನೆಲಕ್ಕೆ ಇಳಿಯಿತು. ಕಂಬದ ಬಳಿ ನಿಂತಿದ್ದ ಕರಿಯಪ್ಪನ ಮುಖ ಬಿಳುಪಾಯಿತು.

"ಮದ್ವೆ ಆದ ಹೊಸ್ದರಲ್ಲಿ ಹೆಂಡ್ತಿ ಬೈದ್ಲು ಅಂತ ಹುಲ್ಲಿನ ಬಣವೆ ಒಳಗೆ ಕೂತು ಅತ್ತ. ಬೆಕ್ಕಿಗೆ ಹೆದರ್ತಾನೆ. ಅಣ್ಣನ ಪಾಲಿನ ಬಾಳೆಗೊನೆ ಕಡಿದು ಕೋತಿ ತಿಂತು ಅಂತ..."

"ಅತ್ತೆ ನಿಲ್ಸು" ಎಂದೆ. ಚಾಪೆ ಹರಿಯುವ ಸದ್ದು ಎಲ್ಲರಿಗೂ ಕೇಳಿತ್ತು. ಒಬ್ಬಳು ಹೆಂಗಸು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅತ್ತೆ ಹೇಳಿದ್ದೆಲ್ಲ ನಿಜ, ಆದರೆ ಅದು ಬೋರಯ್ಯನ ನಿಜವಲ್ಲ. ಬದುಕಿ ನಿಂತಿದ್ದ ತಮ್ಮನದು.

"ಬಾಯಿಗೆ ಬಂದದ್ದು ಬೊಗಳ್ತಾ ಇದ್ದಾಳೆ ಮುದುಕಿ! ಎಬ್ಬಿಸ್ರೋ ಇವಳನ್ನ!" ಎಂದು ಕರಿಯಪ್ಪ ಕೂಗಿದ. ಜವನಮ್ಮ ಕೂತಲ್ಲಿಂದಲೇ ಕೈ ತೋರಿಸಿದಳು. "ಬೊಗಳಲ್ದೆ ಏನ್ ಮಾಡ್ತಾಳೆ. ಅವಳ ಸೀರೆ ಹಿಂದೆ ನೋಡಿ."

ನಾನು ಕೊಟ್ಟದ್ದನ್ನು ಅತ್ತೆ ಸರಿಯಾಗಿ ಇಟ್ಟುಕೊಂಡಿರಲಿಲ್ಲ. ಕಲೆ ಅಂಗೈಯಷ್ಟಗಲವಿತ್ತು. ಅರವತ್ತೇಳು ವರ್ಷದ ಹೆಂಗಸಿಗೆ, ಅದೂ ಹೆಣದ ಮುಂದೆ ಕೂತವಳಿಗೆ, ಊರಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇರಲಾರದು. ಅವಳು ಎದ್ದು ಓಡುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಓಡುತ್ತಿದ್ದೆ.

ಅತ್ತೆ ಸೆರಗನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. "ಹೌದು, ಮುಟ್ಟಾಗಿದೀನಿ," ಎಂದಳು. "ಕರಿಯಪ್ಪ ತಂದ್ಕೊಟ್ಟ ಮಾತ್ರೆಗೆ ಆಗಿದೆ, ಅವನನ್ನ ಕೇಳಿ. ಭಾರ ಆಗಿದ್ದು ಇದಕ್ಕಲ್ಲ. ನಾನು ತಪ್ಪಿದೆ, ತಮ್ಮಂದು ಅಣ್ಣನ ಮೇಲೆ ಹಾಕ್ದೆ. ಕರಿಯಪ್ಪ, ನಿಂದೆಲ್ಲ ಮೊದ್ಲೇ ಹೇಳಿ ಮುಗಿಸಿದೀನಿ, ನಿನ್ನ ಸಾವಲ್ಲಿ ನಂಗೆ ಕೆಲ್ಸ ಕಮ್ಮಿ. ಈಗ ಬಾಯಿ ಮುಚ್ಕೊಂಡು ನಿಂತ್ಕೋ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಹೆಣದ ಮುಖವನ್ನೇ ನೋಡುತ್ತಾ ಕೂತಳು. ನೋಡಿದಳು, ನೋಡಿದಳು. ಆಮೇಲೆ ನನ್ನ ಕಡೆ ಬಾಗಿ, ಕೂದಲು ಸರಿಮಾಡುವವಳ ಹಾಗೆ ಕಿವಿಯ ಹತ್ತಿರ ಬಾಯಿ ತಂದು, "ಯಾರೇ ಇವ್ನು?" ಎಂದಳು.

"ಬೋರಯ್ಯ," ಎಂದೆ. "ಕೋಳಿ ಸಾಕ್ತಿದ್ದೋನು."

"ಕೋಳಿ," ಎಂದಳು ಅತ್ತೆ. ಕಣ್ಣು ಮುಚ್ಚಿದಳು. ಒಂದು ಎಳೆ ಸಿಕ್ಕಿದರೆ ಸಾಕಿತ್ತು, ಇಡೀ ಸೀರೆ ಬಂತು. "ಕೋಳಿಗೆಲ್ಲ ಹೆಸರಿಟ್ಟು ಕರೀತಿದ್ದ, ಮಕ್ಕಳ ಹೆಸರು ಮಾತ್ರ ತಪ್ಪಿಸ್ತಿದ್ದ. ತಾನು ಸಾಕಿದ ಕೋಳಿ ತಿಂತಿರ್ಲಿಲ್ಲ, ಪಕ್ಕದ ಮನೇದು ತಿಂತಿದ್ದ. ಹೆಂಡ್ತಿ ಸತ್ತಾಗ ಅಳ್ಲಿಲ್ಲ. ಒಂದು ವರ್ಷ ಆದ್ಮೇಲೆ ಅವಳ ಬಾಚಣಿಗೆ ಸಿಕ್ತು, ಆವಾಗ ಅತ್ತ. ತಮ್ಮ ಕದೀತಾನೆ ಅಂತ ಗೊತ್ತಿತ್ತು. ಒಂದಿನಾನೂ ಕೇಳ್ಲಿಲ್ಲ."

ನಾಲ್ವರು ಬಗ್ಗಿ ಕೈ ಹಾಕಿದರು. ಬೋರಯ್ಯ ಎದ್ದ. ಸುಲಭವಾಗಿ ಎದ್ದ. ಕರಿಯಪ್ಪ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದ. ಮುಟ್ಟಾದ ಹೆಂಗಸು ಎತ್ತಿದ ಹೆಣ ಎಲ್ಲರ ಕಣ್ಣೆದುರೇ ಬಾಗಿಲು ದಾಟಿ ಹೋಯಿತು. ಹಿರಿಯರ ಮಾತನ್ನು ಅವತ್ತು ಯಾರೂ ಎತ್ತಿ ಆಡಲಿಲ್ಲ. ನಾನು ಅತ್ತೆಯ ಹಿಂದೆ, ಕಲೆ ಮುಚ್ಚುವ ಹಾಗೆ ನಡೆಯಲು ಹೋದೆ. "ಪಕ್ಕದಲ್ಲಿ ಬಾ," ಎಂದಳು. ಮೇಲುಬೀದಿಯ ಉದ್ದಕ್ಕೂ ಪಕ್ಕದಲ್ಲೇ ನಡೆದೆ. ಅಷ್ಟು ತಲೆಯೆತ್ತಿ ನಾನು ಯಾವತ್ತೂ ನಡೆದಿರಲಿಲ್ಲ.

ಡಾಕ್ಟರು ಮಾತ್ರೆ ನಿಲ್ಲಿಸಿದರು. ಬೈದರು. ಈ ವಯಸ್ಸಿನಲ್ಲಿ ರಕ್ತ ಕಂಡರೆ ಬಿಡುವ ಹಾಗಿಲ್ಲವೆಂದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಸಿಗಲಿಲ್ಲ. ನೆನಪು ಕೆಟ್ಟದ್ದು ಮಾತ್ರೆಯಿಂದಲೋ ಎಂದು ನಾನು ಕೇಳಿದೆ. "ಗೊತ್ತಿಲ್ಲ," ಎಂದರು. "ಮೊದಲೇ ಶುರುವಾಗಿತ್ತು. ಮಾತ್ರೆ ಇನ್ನಷ್ಟು ತಳ್ಳಿರಬಹುದು, ಇಲ್ಲದೇನೂ ಇರಬಹುದು. ಒಬ್ಬರನ್ನ ನೋಡಿ ಹೇಳೋಕಾಗಲ್ಲ." ನನಗೆ ಅವರ ಉತ್ತರ ಇಷ್ಟವಾಯಿತು. ಊರಿನಲ್ಲಿ ಉಳಿದ ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಅರ್ಧ ಜನ ಮಾತ್ರೆಯಿಂದ ಹೋಯಿತು ಎಂದರು, ಅರ್ಧ ಜನ ಮಾತ್ರೆ ನಿಲ್ಲಿಸಿದ್ದರಿಂದ ಹೋಯಿತು ಎಂದರು.

ಅತ್ತೆ ಆಮೇಲೆ ಯಾರನ್ನೂ ಎತ್ತಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಅವಳೇ ಬಿಟ್ಟಳು. ಜವನಮ್ಮ ಎರಡೂ ಬೀದಿ ನೋಡಿಕೊಂಡಳು. ಮಧ್ಯಾಹ್ನ ಹುಣಸೆಹಣ್ಣೋ ಅವರೆಕಾಯಿಯೋ ಮುಂದಿಟ್ಟುಕೊಂಡು ಅತ್ತೆ ನನಗೆ ತನ್ನದನ್ನು ಹೇಳಲು ಶುರು ಮಾಡಿದಳು. "ಕೇಳಿಸ್ಕೋ. ನಂದು ಯಾರಿಗೂ ಗೊತ್ತಿಲ್ಲ. ನಾನು ಎಲ್ಲರ ಮನೆ ಒಳಗೂ ನೋಡ್ದೆ, ನನ್ನ ಮನೆ ಒಳಗೆ ಯಾರನ್ನೂ ಬಿಡ್ಲಿಲ್ಲ. ಈ ಹಜಾರದಲ್ಲೇ ಮುಚ್ಚಿ ಬೀಗ ಹಾಕ್ತಾರೆ, ನೋಡ್ತಿರು. ಮಕ್ಳು ನನ್ನ ತಲೆ ಮೇಲೆ ಗೋಲಿ ಆಡ್ತವೆ."

"ನಾನು ಎತ್ತುತೀನಿ" ಎಂದೆ.

"ಹೊಗಳಿದ್ರೆ ಎದ್ದು ಬಂದು ಹೊಡೀತೀನಿ."

ತೊಂದರೆ ಏನೆಂದರೆ, ಅವಳು ಹೇಳುತ್ತಿದ್ದದ್ದು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಂಡ ಜ್ವರ ಬಂದು ಸತ್ತ ಎಂದು ಒಂದು ದಿನ. ಆಲೆಮನೆಗೆ ದುಡಿಯಲು ಹೋದವನು ಬರಲೇ ಇಲ್ಲ ಎಂದು ಇನ್ನೊಂದು ದಿನ. ಕೆರೆಗೆ ಬಿದ್ದ ಎಂದು ಮತ್ತೊಂದು ದಿನ, ತಾನೇ ಓಡಿಸಿದೆ ಎಂದು ನಗುತ್ತಾ ಮಗದೊಂದು ದಿನ. ಯಾವುದು ನಿಜ ಅತ್ತೆ ಎಂದರೆ, "ಎಲ್ಲಾ ನಿಜಾನೇ" ಎಂದು ಸಿಡುಕುತ್ತಿದ್ದಳು. ಕೊನೆಕೊನೆಗೆ ನನ್ನ ಹೆಸರೂ ಹೋಯಿತು. ಹೋಯಿತು ಎಂದು ಅವಳು ಒಪ್ಪಿಕೊಳ್ಳಲಿಲ್ಲ, ಹೆಸರು ಕೇಳಲೂ ಇಲ್ಲ. "ಏಯ್ ಓದಿರೋಳೇ" ಎಂದು ಕರೆದಳು. ಊರಿನಲ್ಲಿ ಓದಿದವರು ಬೇರೆಯವರೂ ಇದ್ದರು. ನಾನೇ ಎದ್ದು ಹೋಗುತ್ತಿದ್ದೆ.

ಬೋರಯ್ಯ ಹೋದ ಎರಡು ವರ್ಷಕ್ಕೆ, ಒಂದು ಮುಂಜಾನೆ ಕಾಫಿ ತಣ್ಣಗಾದರೂ ಅತ್ತೆ ಏಳಲಿಲ್ಲ.

ಮೊದಲು ಬಂದವಳು ಜವನಮ್ಮ. ಬರುವಾಗಲೇ ಅವಳ ಕಣ್ಣು ಕೆಂಪಾಗಿತ್ತು. ಹಜಾರದಲ್ಲಿ ತಲೆಯ ಬಳಿ ಕೂತು, ಮೂವತ್ತು ವರ್ಷ ಬೈದ ಬಾಯಿಯಿಂದ, "ನಮ್ಮ ದೇವೀರಿಯಂಥೋಳು ಈ ಊರಲ್ಲೇ ಹುಟ್ಟಿಲ್ಲ" ಎಂದುಬಿಟ್ಟಳು. ನೆಲದ ಗಾರೆ ಬಿರುಕುಬಿಟ್ಟಿತು. ಇನ್ನೆರಡು ಮಾತು ಹೇಳಿ ನೋಡಿದಳು. ಎಲ್ಲವೂ ಒಳ್ಳೆಯ ಮಾತುಗಳೇ. ಬಿರುಕು ಹೊಸ್ತಿಲ ತನಕ ಹೋಯಿತು. "ಬೈಯೋಕೆ ಬರ್ತಾ ಇಲ್ಲ ಇವತ್ತು," ಎಂದು ಜವನಮ್ಮ ಮೂಗು ಒರೆಸಿಕೊಂಡಳು. ಕರಿಯಪ್ಪ ಬಾಗಿಲಲ್ಲಿ ನಿಂತು, ಗುದ್ದಲಿ ತರಿಸಲೇ ಎಂದು ಮೆಲ್ಲಗೆ ಕೇಳಿದ.

ನಾನು ಹೋಗಿ ಜವನಮ್ಮನ ಪಕ್ಕ ಕೂತೆ. "ಚೆಲುವಿ, ನಿಂಗಿನ್ನೂ..." ಎಂದು ಅವಳು ಶುರು ಮಾಡಿದಳು.

"ಹೌದು. ಇವತ್ತೇ ಆಗಿದೀನಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಜವನಮ್ಮ ಸರಿದು ಜಾಗ ಬಿಟ್ಟಳು.

"ಅತ್ತೆ ಸಾರಿಗೆ ಉಪ್ಪು ಜಾಸ್ತಿ ಹಾಕ್ತಿದ್ಲು," ಎಂದೆ. "ಪಕ್ಕದ ಮನೆ ನಿಂಬೆಹಣ್ಣು ಕದ್ದು, ಆ ಮನೆಗೇ ಉಪ್ಪಿನಕಾಯಿ ಹಾಕಿ ಕೊಡ್ತಿದ್ಲು. ಎಲ್ಲರ ಗುಟ್ಟೂ ಅವಳಿಗೆ ಬೇಕಿತ್ತು, ಅವಳದು ಯಾರಿಗೂ ಕೊಡ್ತಿರ್ಲಿಲ್ಲ. ಮಾತ್ರೆ ನುಂಗಿದ್ದು ಬೀದಿಗೋಸ್ಕರ ಅಂತ ಹೇಳಿದ್ಲು. ಅದು ಜವನಮ್ಮನಿಗೆ ಸೋಲಬಾರ್ದು ಅಂತ." ಪಕ್ಕದಲ್ಲಿ ಜವನಮ್ಮ ಅಳುತ್ತಲೇ "ನಂಗೊತ್ತಿತ್ತು, ಮುಂಡೇದು" ಎಂದಳು. "ತಪ್ಪಿದ್ರೆ ತಪ್ಪಿದೆ ಅಂತಿದ್ಲು. ಮರೆತಿದ್ರೆ ಮಾತ್ರ ಮರೆತೆ ಅಂತ ಸಾಯೋವರ್ಗೂ ಹೇಳ್ಲಿಲ್ಲ. ಕೊನೇಲಿ ನನ್ನ ಹೆಸ್ರು ಅವಳಿಗೆ ಗೊತ್ತಿರ್ಲಿಲ್ಲ."

ಅವಳ ಭುಜದ ಕೆಳಗೆ ಬೆರಳು ತೂರಿಸಿದೆ. ಬೆರಳು ಹೋಯಿತು, ಕೈ ಹೋಗಲಿಲ್ಲ. ಇನ್ನೂ ಬೇಕಿತ್ತು. "ಗಂಡ ಜ್ವರ ಬಂದು ಸತ್ತ," ಎಂದೆ. ಬೆರಳು ನೆಲಕ್ಕೂ ಅವಳಿಗೂ ನಡುವೆ ಸಿಕ್ಕಿಕೊಂಡು ಜಜ್ಜಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ಆಲೆಮನೆ ಹೇಳಲೇ, ಕೆರೆ ಹೇಳಲೇ ಎಂದು ಯೋಚಿಸಿದೆ. ಒಂದೊಂದನ್ನೂ ಹೇಳಿ ನೋಡುತ್ತಾ ಹೋದರೆ ಬೆರಳು ಉಳಿಯುವುದಿಲ್ಲ, ಹಜಾರವೂ ಉಳಿಯುವುದಿಲ್ಲ. ಕರಿಯಪ್ಪ ಗುದ್ದಲಿಗೆ ಹೇಳಿಕಳಿಸಲು ಆಗಲೇ ಬೀದಿಗೆ ತಿರುಗಿದ್ದ.

"ಗಂಡ ಹೆಂಗೆ ಹೋದ ಅಂತ ಅವಳು ಮರೆತಿದ್ಲು," ಎಂದೆ. "ನಂಗೂ ಗೊತ್ತಿಲ್ಲ. ಅವಳದು ಬಹಳ ನಂಗೆ ಗೊತ್ತಿಲ್ಲ. ಗೊತ್ತಿರೋದು ಇಷ್ಟೇ."

ಬೆರಳು ಬಿಡುಗಡೆಯಾಯಿತು. ಅಂಗೈ ಹೋಯಿತು, ತೋಳು ಹೋಯಿತು. ಕರಿಯಪ್ಪನ ಹುಡುಗರು ಚಟ್ಟ ಹಿಡಿದು ಮುಂದೆ ಬಂದರು. ನಾನು ಬೇಡವೆಂದೆ. ತಲೆಯ ಕಡೆ ನಾನು ಹಿಡಿದೆ, ಕಾಲಿನ ಕಡೆ ಅರವತ್ತೊಂಬತ್ತು ವರ್ಷದ ಜವನಮ್ಮ ಹಿಡಿದಳು. ಅಷ್ಟೇ ಸಾಕಾಯಿತು. "ಇಬ್ಬರಿಗೇ ಬಂದ್ಲಲ್ಲೇ," ಎಂದಳು ಜವನಮ್ಮ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. "ನನ್ನ ಮೂವರ ಲೆಕ್ಕ ಮುರಿದ್ಲು." ಮೇಲುಬೀದಿಯ ಉದ್ದಕ್ಕೂ ಜನ ಎದ್ದು ನಿಂತರು. ನಾನು ತಲೆ ತಗ್ಗಿಸಲಿಲ್ಲ.

ಈಗ ಮೇಲುಬೀದಿಗೆ ನಾನೇ ಕೂರುತ್ತೇನೆ. ಹೊಗಳುವ ಮಕ್ಕಳನ್ನು ಹೊರಗೆ ಕಳಿಸುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುತ್ತೇನೆ. ಅತ್ತೆಯ ಜೊತೆ ಹೋದದ್ದು ಇಷ್ಟು: ಮೇಲುಬೀದಿಯ ಮೂವತ್ತಾರು ಮನೆಗಳ ಒಳಗಿನ ಮಾತು, ಒಬ್ಬ ಗಂಡಸು ಹೇಗೆ ಇಲ್ಲವಾದ ಎನ್ನುವುದು, ನನ್ನ ಬಲಗೈಯ ಒಂದು ಉಗುರು.